ಆಫ್ ಇದೆ ಅಪ್ಪ

ಮನೆಯ ಹಳೇ ಸ್ವಿಚ್ಚುಗಳನ್ನೆಲ್ಲ ಬದಲಾಯಿಸಿ ನಾಲ್ಕು ದಿನ ಆಯಿತು. ಟೆಸ್ಟರಿನೊಳಗೆ ಹತ್ತಿದ ಆ ಪುಟ್ಟ ಕೆಂಪು ಬೆಳಕು ಮಾತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಈ ಕೆಲಸಕ್ಕೆ ಹೊರಟಿದ್ದು ಬರೀ ಅಂದಕ್ಕೆ. ಕಂದು ಬಣ್ಣದ ಬೇಕಲೈಟ್ ಸ್ವಿಚ್ಚುಗಳು, ಸುತ್ತ ಕೈಗುರುತು ಹಿಡಿದ ಗೋಡೆ, ಒಂದು ಕಡೆ ಸೀಳಿದ ಪ್ಲಗ್ ಕವರ್. "ಮೇಲಿನ ಪ್ಲೇಟ್ ಬದಲಾಯಿಸಿದ್ರೆ ಸಾಕು, ಒಳಗೆಲ್ಲ ಕೈ ಹಾಕೋದು ಬೇಡ" ಅಂದ ತಮ್ಮ. ಅವನು ಯಾವಾಗಲೂ ಹಾಗೇ. ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡು ಬಿಚ್ಚುವುದಿಲ್ಲ.

ಬಂದ ಎಲೆಕ್ಟ್ರಿಷಿಯನ್ ಚಿಕ್ಕ ಹುಡುಗ, ಮಾತು ಕಮ್ಮಿ. ಬೋರ್ಡ್ ಮುಟ್ಟುವ ಮೊದಲೇ ನಡುಮನೆಯ ದೀಪ ಆರಿಸಿ, ಸ್ಟೂಲ್ ಹತ್ತಿ, ಬಲ್ಬ್ ತೆಗೆದು ಹೋಲ್ಡರಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಹತ್ತಿಕೊಂಡಿತು.

"ಸ್ವಿಚ್ ಆಫ್ ಮಾಡಿದ್ಯಲ್ಲಪ್ಪ?" ಅಂದರು ಅಪ್ಪ.

"ಮಾಡಿದೀನಿ ಸರ್. ದೀಪ ಆಫ್ ಆಗಿದೆ. ಕರೆಂಟ್ ಆಗಿಲ್ಲ."

ಬೋರ್ಡಿನೊಳಗೆ ಎರಡು ವೈರ್ ಅದಲು ಬದಲಾಗಿದ್ದವು. ಸ್ವಿಚ್ ಇರಬೇಕಾದದ್ದು ಕರೆಂಟ್ ತರುವ ಫೇಸ್ ವೈರಿನಲ್ಲಿ. ನಮ್ಮಲ್ಲಿ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಲ್ಲಿತ್ತು. ಹಾಗಿದ್ದರೂ ಸ್ವಿಚ್ ಒತ್ತಿದರೆ ದೀಪ ಆರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಹೋಲ್ಡರಿನ ತನಕ ಕರೆಂಟ್ ಬಂದು ಕಾಯುತ್ತಲೇ ಇರುತ್ತದೆ.

ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಚಿಕ್ಕಂದಿನಿಂದಲೂ ಆ ಬಲ್ಬ್ ಬದಲಾಯಿಸುವುದು ಅಪ್ಪನೇ. ಸ್ವಿಚ್ ಕಾಯುವ ಕೆಲಸ ನನ್ನದು. ಸ್ಟೂಲ್ ಮೇಲಿಂದ ಅವರು "ಆಫ್ ಇದೆಯಾ ನೋಡು" ಅನ್ನುತ್ತಿದ್ದರು. ನಾನು ಬೋರ್ಡಿನ ಮುಂದೆ ನಿಂತು "ಆಫ್ ಇದೆ ಅಪ್ಪ" ಅನ್ನುತ್ತಿದ್ದೆ. ಆಮೇಲೆ ಅವರು ಹೋಲ್ಡರಿಗೆ ಬರಿಗೈ ಹಾಕುತ್ತಿದ್ದರು. ಎಷ್ಟು ಸಲ ಹಾಗೆ ಹೇಳಿದ್ದೇನೋ. ಒಂದು ಸಲವೂ ಅದು ನಿಜವಾಗಿರಲಿಲ್ಲ.

ಈಗ ರಾತ್ರಿ ಮಲಗಿದಾಗಲೂ ಅದೇ ಮಾತು. ಆಫ್ ಇದೆ ಅಪ್ಪ.

ಮೊದಲು ವೈರಿಂಗ್ ಮಾಡಿದವರ ಮೇಲೆ ತುಂಬಾ ಸಿಟ್ಟು ಬಂತು. ಒಂದು ಟೆಸ್ಟರ್ ಇಟ್ಟು ನೋಡಲು ಅರ್ಧ ನಿಮಿಷ ಬೇಡ. ಗೋಡೆಯೊಳಗೆ ಮುಚ್ಚಿಹೋಗುವ ಕೆಲಸವನ್ನೇ ಅಲ್ವಾ ಜಾಸ್ತಿ ನಿಯತ್ತಾಗಿ ಮಾಡಬೇಕಾದದ್ದು? ಮನೆಯವರು ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ಹೇಳಿದ್ದನ್ನು ನಂಬಿಕೊಂಡು ವರ್ಷಗಟ್ಟಲೆ ಬದುಕುತ್ತಾರೆ.

ಹುಡುಗ ಮೇನ್ ಆಫ್ ಮಾಡಿ, ಮತ್ತೊಮ್ಮೆ ಟೆಸ್ಟರ್ ಇಟ್ಟು ನೋಡಿಕೊಂಡೇ ಉಳಿದ ಬೋರ್ಡುಗಳನ್ನು ಬಿಚ್ಚಿದ. ಇಸ್ತ್ರಿಪೆಟ್ಟಿಗೆ ಹಾಕುವ ಪ್ಲಗ್ ಪಾಯಿಂಟಿನ ಹಿಂಭಾಗ ಕರ್ರಗಾಗಿತ್ತು. ಸ್ಕ್ರೂ ಸಡಿಲಾಗಿ ವೈರ್ ಸುಮ್ನೆ ತಾಗಿಕೊಂಡಿತ್ತು, ಅಷ್ಟೇ. "ಇಸ್ತ್ರಿ ಮಾಡುವಾಗ ಏನೋ ಸುಟ್ಟ ವಾಸನೆ" ಅಂತ ಅಮ್ಮ ಎರಡು ಮೂರು ಸಲ ಹೇಳಿದ್ದರು. ಬಟ್ಟೆಯದ್ದಿರಬೇಕು ಅಂದುಕೊಂಡು ನಾವು ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. 5 ಆಂಪಿಯರ್ ಹರಿಯುವಾಗ ಆ ಸಡಿಲ ಜಾಗದಲ್ಲಿ 1 ಓಮ್ ತಡೆ ಇದ್ದರೂ ಅಲ್ಲೇ 25 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬಳಿ ಇರುವ ಸಣ್ಣ ಸೋಲ್ಡರಿಂಗ್ ಐರನ್ ಕೂಡ 25 ವಾಟಿನದ್ದೇ. ಅದು ಲೋಹವನ್ನೇ ಕರಗಿಸುತ್ತದೆ. ನಮ್ಮ ಗೋಡೆಯೊಳಗೆ ಅಂಥದ್ದೊಂದು ಕೂತಿತ್ತು. ತಮ್ಮ ಹೇಳಿದಂತೆ ಪ್ಲೇಟ್ ಮಾತ್ರ ಬದಲಾಯಿಸಿದ್ದರೆ ಅದನ್ನು ಇನ್ನಷ್ಟು ಚೆನ್ನಾಗಿ ಮುಚ್ಚಿದಂತಾಗುತ್ತಿತ್ತು.

ಹೊಸ ಸಾಕೆಟ್ಟುಗಳ ತೂತಿಗೆ ಒಳಗಿನಿಂದ ಪುಟ್ಟ ಬಾಗಿಲಿದೆ. ಉದ್ದನೆಯ ಅರ್ಥಿಂಗ್ ಪಿನ್ ಮೊದಲು ಒಳಗೆ ಹೋದರೆ ಮಾತ್ರ ಉಳಿದೆರಡು ತೆರೆದುಕೊಳ್ಳುತ್ತವೆ. ಮಗು ಆ ಎರಡರಲ್ಲಿ ಒಂದು ತೂತಿಗೆ ಮೊಳೆ ಚುಚ್ಚಲು ನೋಡಿದರೂ ಅದು ಒಳಗೆ ಇಳಿಯುವುದಿಲ್ಲ. ಅಮ್ಮ ಅದನ್ನು ಹತ್ತಿರದಿಂದ ನೋಡಿ ತುಂಬಾ ಹೊತ್ತು ಅಲ್ಲೇ ನಿಂತಿದ್ದರು.

ಸಂಜೆ ಎಲ್ಲ ಮುಗಿಯಿತು. ವೈರ್ ಸರಿಯಾಯಿತು, ಮೇನ್ ಹಾಕಿದರು. ಹುಡುಗ ಟೆಸ್ಟರ್ ಹಿಡಿದು ಮತ್ತೆ ಸ್ಟೂಲ್ ಹತ್ತಿದ. ಅಪ್ಪ ಕೆಳಗೆ ಸ್ಟೂಲ್ ಹಿಡಿದುಕೊಂಡಿದ್ದರು. ನನ್ನ ಕಡೆ ತಿರುಗಿ "ಆಫ್ ಇದೆಯಾ ನೋಡು" ಅಂದರು.

ನಾನು ಹೊಸ ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿದೆ. "ಆಫ್ ಇದೆ ಅಪ್ಪ."

ಟೆಸ್ಟರ್ ಹತ್ತಲಿಲ್ಲ.