ಅಮ್ಮನ ಮನೆ, ಟ್ರಸ್ಟಿನಿಂದ ತಮ್ಮನ ಹೆಸರಿಗೆ

ಅಪ್ಪ ಅಮ್ಮ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗೆ ಸೇರಿಸಿ, ಆಮೇಲೆ ಯಾರಿಗೆ ಹೋಗಬೇಕೆಂದು ಬರೆದಿಡುವುದು) ಮಾಡಿಸಿಟ್ಟಿದ್ದಾರೆ, ಇನ್ನೇನೂ ತಲೆನೋವಿಲ್ಲ ಎಂದು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತುಂಬಾ ಜನ ನೆಮ್ಮದಿಯಾಗಿರುತ್ತಾರೆ. ತೀರಿಕೊಂಡವರ ಆಸ್ತಿ ಹಂಚಿಕೆ ನೋಡುವ ಪ್ರೊಬೇಟ್ ಕೋರ್ಟಿನ ಓಡಾಟ ತಪ್ಪುತ್ತದೆ, ಅದು ನಿಜ. ಆದರೆ ಮನೆ ತಾನಾಗಿಯೇ ಮಕ್ಕಳ ಹೆಸರಿಗೆ ಬಂದು ಕೂರುವುದಿಲ್ಲ. ಯಾರಾದರೂ ಟ್ರಸ್ಟಿಯಾಗಿ (ಟ್ರಸ್ಟನ್ನು ನೋಡಿಕೊಳ್ಳುವವರಾಗಿ) ಮನೆಯ ಹಕ್ಕು ವರ್ಗಾಯಿಸುವ ಡೀಡ್‌ಗೆ ಸಹಿ ಹಾಕಬೇಕು. ಅಪ್ಪ ಮೊದಲೇ ಹೋಗಿದ್ದರು. ಅಮ್ಮನೂ ಹೋದ ಮೇಲೆ ಫ್ರೀಮಾಂಟ್ ಮನೆಯ ಮಟ್ಟಿಗೆ ಆ 'ಯಾರಾದರೂ' ನಾನೇ ಆದೆ. ಟ್ರಸ್ಟಿನಲ್ಲಿ ಸಕ್ಸೆಸರ್ ಟ್ರಸ್ಟಿ, ಅಂದರೆ ಅವರ ನಂತರದ ಟ್ರಸ್ಟಿ, ಎಂದು ನನ್ನ ಹೆಸರಿತ್ತು. ಪಾಲು ಮಾತ್ರ ನನಗೂ ತಮ್ಮನಿಗೂ ಸಮ.

"ಅಕ್ಕ, ಸುಮ್ನೆ ಇಬ್ಬರ ಹೆಸರಿಗೂ ಹಾಕಿಸಿಬಿಡೋಣ. ಆಮೇಲೆ ನೋಡಿಕೊಳ್ಳೋಣ" ಎಂದ ತಮ್ಮ. ಕೇಳುವುದಕ್ಕೆ ಸರಿಯಾಗಿಯೇ ಇದೆ ಅಲ್ವಾ? ನಾನು ಒಪ್ಪಲಿಲ್ಲ. ಅದು ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನೋಡಬೇಕಾದದ್ದು, ಮನೆ ನಿಜವಾಗಿ ಟ್ರಸ್ಟಿನ ಹೆಸರಿನಲ್ಲಿ ಇದೆಯಾ ಎಂದು. ಟ್ರಸ್ಟ್ ಪುಸ್ತಕದ ಹಿಂದಿನ ಪಟ್ಟಿಯಲ್ಲಿ ವಿಳಾಸ ಬರೆದಿದ್ದರೆ ಸಾಲದು, ಆಸ್ತಿ ಪತ್ರ ನೋಂದಾಯಿಸುವ ಕೌಂಟಿ (ಜಿಲ್ಲೆ) ರೆಕಾರ್ಡರ್ ಹತ್ತಿರ ಇರುವ ಕೊನೆಯ ಡೀಡ್ ಬೇಕು. ಅಮ್ಮ ಒಮ್ಮೆ ರೀಫೈನಾನ್ಸ್ (ಹಳೆಯ ಸಾಲದ ಬದಲು ಹೊಸ ಸಾಲ) ಮಾಡಿಸಿದ್ದರು. ಸಾಲ ಕೊಡುವವರು ಎಷ್ಟೋ ಸಲ ಮನೆಯನ್ನು ಟ್ರಸ್ಟಿನಿಂದ ತೆಗೆದು ಸ್ವಂತ ಹೆಸರಿಗೆ ಮಾಡಿಸಿ ಎನ್ನುತ್ತಾರೆ. ಸಾಲ ಆದ ಮೇಲೆ ವಾಪಸ್ ಹಾಕುವ ಜವಾಬ್ದಾರಿ ಯಾರದ್ದೂ ಅಲ್ಲದೆ ಹೋಗುತ್ತದೆ. ನಮ್ಮ ಪುಣ್ಯ, ಅಮ್ಮ ಎಲ್ಲದರಲ್ಲೂ ಕಟ್ಟುನಿಟ್ಟು. ವಾಪಸ್ ಹಾಕಿದ ಡೀಡ್ ಕೂಡ ರೆಕಾರ್ಡ್ ಆಗಿತ್ತು. ಆಗಿರದಿದ್ದರೆ ಕೋರ್ಟಿಗೆ ಹೋಗಿ ಹೆಗ್‌ಸ್ಟಾಡ್ ಪಿಟಿಷನ್ ಹಾಕಬೇಕಾಗುತ್ತಿತ್ತು. ಮನೆ ಟ್ರಸ್ಟಿಗೇ ಸೇರಿದ್ದು ಎಂದು ಕೋರ್ಟಿನಿಂದ ಹೇಳಿಸಿಕೊಳ್ಳುವ ಅರ್ಜಿ ಅದು, 1993ರ ಒಂದು ತೀರ್ಪಿನಿಂದ ಬಂದ ಹೆಸರು.

ಇನ್ನು ತಮ್ಮನ ಮಾತಿಗೆ ಬರುತ್ತೇನೆ. ಅವನು, ಅವನ ಹೆಂಡತಿ, ಮಕ್ಕಳು ಅಮ್ಮನ ಜೊತೆ ಅದೇ ಮನೆಯಲ್ಲಿದ್ದರು. ನನಗೆ ಬೇರೆ ಮನೆ ಇದೆ. ಕೊನೆಗೆ ಮನೆ ಅವನಿಗೇ ಹೋಗಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಅನುಮಾನ ಇರಲಿಲ್ಲ. ಪ್ರಶ್ನೆ ಇದ್ದದ್ದು ದಾರಿಯದ್ದು.

1978ರಲ್ಲಿ ಇಲ್ಲಿನ ಮತದಾರರು ಒಪ್ಪಿದ ಪ್ರಾಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಮನೆಯ ತೆರಿಗೆಯ ಮೂಲ ದರ 1%. ಅದನ್ನು ಲೆಕ್ಕ ಹಾಕುವ ಬೆಲೆ ವರ್ಷಕ್ಕೆ 2%ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಅಪ್ಪ ಯಾವತ್ತೋ ಕೊಂಡ ಮನೆಗೆ ತೆರಿಗೆ ಲೆಕ್ಕದಲ್ಲಿ ಸುಮಾರು 4.5 ಲಕ್ಷ ಡಾಲರ್, ಮಾರುಕಟ್ಟೆಯಲ್ಲಿ ಸುಮಾರು 16 ಲಕ್ಷ. ಮಾಲೀಕರು ಬದಲಾದಾಗ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ, ಆದರೆ ಮೊದಲು ಅಪ್ಪ ಅಮ್ಮನಿಂದ ಮಕ್ಕಳಿಗೆ ಬಂದ ಮನೆಗೆ ಈ ಹಳೆಯ ಬೆಲೆಯೇ ಮುಂದುವರಿಯುತ್ತಿತ್ತು, ಮಕ್ಕಳು ಅಲ್ಲಿ ಇದ್ದರೂ ಇಲ್ಲದಿದ್ದರೂ. 2021ರ ಫೆಬ್ರವರಿ 16ರಿಂದ ಪ್ರಾಪೊಸಿಷನ್ 19 ಬಂದು ಅದನ್ನು ಬಿಗಿ ಮಾಡಿತು. ಅಪ್ಪ ಅಮ್ಮ ವಾಸವಿದ್ದ ಮನೆಯೇ ಆಗಿರಬೇಕು. ಒಂದು ವರ್ಷದೊಳಗೆ ಮಗನೋ ಮಗಳೋ ಅಲ್ಲಿ ವಾಸ ಇರಬೇಕು. ಜೊತೆಗೆ ಒಂದು ಮಿತಿ: ಹಳೆಯ ಬೆಲೆಯ ಮೇಲೆ 10 ಲಕ್ಷ ಡಾಲರ್. ಆ 10 ಲಕ್ಷವನ್ನು ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ. 2025ರ ಫೆಬ್ರವರಿ 16ರಿಂದ ಅದು 10,44,586.

ನಮ್ಮ ಲೆಕ್ಕ ಹೀಗೆ. 4,50,000ಕ್ಕೆ 10,44,586 ಸೇರಿಸಿದರೆ 14,94,586. ಮನೆ 16 ಲಕ್ಷದ್ದು, ಅಂದರೆ ಮಿತಿ ದಾಟಿದ್ದು 1,05,414. ಅಷ್ಟು ಮಾತ್ರ ಹಳೆಯ ಬೆಲೆಗೆ ಸೇರಿ 5,55,414 ಆಗುತ್ತದೆ. 16 ಲಕ್ಷಕ್ಕೆ ತೆರಿಗೆ ಕಟ್ಟುವುದಕ್ಕೂ ಐದೂವರೆ ಲಕ್ಷಕ್ಕೆ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಪ್ರತಿ ವರ್ಷದ್ದು, ಒಂದು ಸಲದ್ದಲ್ಲ.

ಇಬ್ಬರ ಹೆಸರಿಗೂ ಹಾಕಿಸಿದ್ದರೆ ಏನಾಗುತ್ತಿತ್ತು? ಅಮ್ಮನಿಂದ ಬಂದ ಹೊತ್ತಿಗೆ ತೊಂದರೆ ಇಲ್ಲ, ತಮ್ಮ ಅಲ್ಲೇ ಇದ್ದಾನೆ. ಆದರೆ ಆಮೇಲೆ ನನ್ನ ಅರ್ಧವನ್ನು ನಾನು ಅವನಿಗೆ ಬಿಟ್ಟುಕೊಟ್ಟರೆ ಅದು ಅಕ್ಕನಿಂದ ತಮ್ಮನಿಗೆ ಹೋದದ್ದು. ಅಕ್ಕ ತಮ್ಮಂದಿರ ನಡುವೆ ಯಾವ ರಿಯಾಯಿತಿಯೂ ಇಲ್ಲ. ಆ ಅರ್ಧಕ್ಕೆ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ.

ದಾರಿ ಟ್ರಸ್ಟಿನ ಒಳಗೇ ಇತ್ತು. ಪಾಲು ಸಮ ಎಂದರೆ ಪ್ರತಿ ವಸ್ತುವನ್ನೂ ಅರ್ಧ ಮಾಡಬೇಕೆಂದಿಲ್ಲ. ಟ್ರಸ್ಟ್ ಪತ್ರ ಅಡ್ಡಿ ಮಾಡದಿದ್ದರೆ ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಹಣ ಕೊಟ್ಟು ಒಟ್ಟು ಮೊತ್ತ ಸರಿದೂಗಿಸಬಹುದು. ಖರ್ಚಿಗೆಂದು ಸ್ವಲ್ಪ ತೆಗೆದಿಟ್ಟ ಮೇಲೆ ಟ್ರಸ್ಟಿನಲ್ಲಿ ಹಂಚಲು 4 ಲಕ್ಷ ನಗದಿತ್ತು. ಮನೆ ಸೇರಿ 20, ತಲಾ 10. ನನಗೆ 6 ಲಕ್ಷ ಕಡಿಮೆ ಬೀಳುತ್ತಿತ್ತು. ಆ 6 ಲಕ್ಷವನ್ನು ಟ್ರಸ್ಟೇ ಮನೆಯ ಮೇಲೆ ಸಾಲ ಪಡೆಯಿತು. 4 ಮತ್ತು 6 ಸೇರಿ ನನ್ನ 10 ಬಂತು. ತಮ್ಮನಿಗೆ ಸಾಲ ಸಮೇತ ಇಡೀ ಮನೆ ಹೋಯಿತು. ಹೀಗೆ ಮಾಡಿದರೆ ಅಮ್ಮನಿಂದ ನೇರ ಮಗನಿಗೆ ಬಂದ ಲೆಕ್ಕ. ಇಲ್ಲಿ ಒಂದು ಷರತ್ತಿದೆ. ಸಾಲ ಹೊರಗಿನವರು ಟ್ರಸ್ಟಿಗೆ ಕೊಟ್ಟದ್ದಾಗಿರಬೇಕು. ಮನೆ ಪಡೆಯುವ ತಮ್ಮನೇ ತನ್ನ ಜೇಬಿನಿಂದ ಹಾಕಿದರೆ, ನನ್ನ ಪಾಲನ್ನು ಅವನು ಕೊಂಡ ಹಾಗೆಯೇ ಆಗುತ್ತದೆ. ಮಾಮೂಲಿ ಬ್ಯಾಂಕುಗಳು ಇಂಥ ಸಾಲ ಕೊಡುವುದು ಅಪರೂಪ. ಖಾಸಗಿಯವರು ಕೊಡುತ್ತಾರೆ, ಬಡ್ಡಿ ಜಾಸ್ತಿ. ಮನೆ ತನ್ನ ಹೆಸರಿಗೆ ಬಂದ ಮೇಲೆ ತಮ್ಮ ರೀಫೈನಾನ್ಸ್ ಮಾಡಿ ಅದನ್ನು ತೀರಿಸಿದ.

ಯಾರೂ ಅಲ್ಲಿ ಇರುವುದಿಲ್ಲ, ಮಾರುವುದೇ ಎಂದಾದರೆ ಇಷ್ಟೆಲ್ಲ ಬೇಡವೇ ಬೇಡ. ಮಕ್ಕಳ ಹೆಸರಿಗೆ ಮಾಡಿಸುವುದೂ ಬೇಡ. ಟ್ರಸ್ಟಿಯೇ ಕೊಳ್ಳುವವರಿಗೆ ನೇರವಾಗಿ ಡೀಡ್ ಮಾಡಿಕೊಟ್ಟು ಹಣ ಹಂಚಬಹುದು. ಲಾಭ ಲೆಕ್ಕ ಹಾಕುವಾಗ ತೀರಿಕೊಂಡ ದಿನದ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯುವುದರಿಂದ ಬೇಗ ಮಾರಿದರೆ ಲಾಭದ ತೆರಿಗೆಯೂ ಅಷ್ಟಾಗಿ ಬೀಳುವುದಿಲ್ಲ. ಮೂರು ನಾಲ್ಕು ಹೆಸರು ಹಾಕಿಸಿಕೊಂಡರೆ ಮಾರುವಾಗ ಅಷ್ಟೂ ಜನರ ಸಹಿ ಬೇಕು. ಅವರಲ್ಲಿ ಒಬ್ಬರ ಡಿವೋರ್ಸ್ ನಡೆಯುತ್ತಿದ್ದರೆ ದೇವರೇ ಗತಿ.

ಕಾಗದಪತ್ರದ ಕೆಲಸ ಹೆದರಿದಷ್ಟು ಇರಲಿಲ್ಲ. ಅಮ್ಮ ತೀರಿಕೊಂಡ 60 ದಿನದೊಳಗೆ ವಾರಸುದಾರರಿಗೆಲ್ಲ ನೋಟಿಸ್ ಕೊಡಬೇಕು. ನೋಟಿಸ್ ಹೋದ ಮೇಲೆ ಟ್ರಸ್ಟನ್ನು ಪ್ರಶ್ನಿಸಲು ಸಾಮಾನ್ಯವಾಗಿ 120 ದಿನ. ಅದು ಮುಗಿಯುವ ತನಕ ಹಂಚಬೇಡಿ ಎಂದರು ವಕೀಲರು. ನಾವಿರುವುದೇ ಇಬ್ಬರು, ಆದರೂ ಕಾದೆವು. ಮಾಲೀಕರು ತೀರಿಕೊಂಡರು ಎಂದು, ತೆರಿಗೆಗೆ ಮನೆಯ ಬೆಲೆ ಕಟ್ಟುವ ಅಸೆಸರ್‌ಗೆ 150 ದಿನದೊಳಗೆ ತಿಳಿಸುವ ಒಂದು ಫಾರ್ಮ್ ಇದೆ. ರೆಕಾರ್ಡರ್ ಹತ್ತಿರ ಮರಣ ಪ್ರಮಾಣಪತ್ರ ಲಗತ್ತಿಸಿ, ಟ್ರಸ್ಟಿ ತೀರಿಕೊಂಡರು ಎನ್ನುವ 'ಅಫಿಡವಿಟ್ ಡೆತ್ ಆಫ್ ಟ್ರಸ್ಟೀ' ರೆಕಾರ್ಡ್ ಮಾಡಿಸಬೇಕು. ಅದರ ಜೊತೆ, ನೋಟರಿ ಮುಂದೆ ನಾನು ಸಹಿ ಹಾಕಿದ ಟ್ರಸ್ಟ್ ಟ್ರಾನ್ಸ್‌ಫರ್ ಡೀಡ್. ಅದರಲ್ಲಿ ಮನೆಯ ವಿಳಾಸಕ್ಕಿಂತ ಮುಖ್ಯ ಅದರ ಲೀಗಲ್ ಡಿಸ್ಕ್ರಿಪ್ಷನ್, ಅಂದರೆ ಜಾಗವನ್ನು ಗುರುತಿಸುವ ಕಾನೂನು ವಿವರಣೆ. ಹಳೆಯ ಡೀಡ್‌ನಲ್ಲಿ ಇದ್ದ ಹಾಗೆಯೇ, ಒಂದು ಅಕ್ಷರ ತಪ್ಪದೆ ಇಳಿಸಬೇಕು.

ತಮ್ಮನಿಗೆ ನಾನು ಪದೇ ಪದೇ ನೆನಪಿಸಿದ್ದು ಎರಡು ಫಾರ್ಮ್. ಒಂದು ಬಿಒಇ-19-ಪಿ, ಹಳೆಯ ಬೆಲೆಯ ರಿಯಾಯಿತಿ ಕೇಳುವುದು. ಇನ್ನೊಂದು ಹೋಮ್‌ಓನರ್ಸ್ ಎಕ್ಸೆಂಪ್ಷನ್. ಸ್ವಂತ ಮನೆಯಲ್ಲೇ ವಾಸ ಇರುವವರಿಗೆ ಸಿಗುವ ಈ ಎರಡನೆಯದರಿಂದ ವರ್ಷಕ್ಕೆ ಉಳಿಯುವುದು ಸುಮಾರು 70 ಡಾಲರ್ ಅಷ್ಟೇ, ಅದಕ್ಕೇ ಜನ ಅಸಡ್ಡೆ ಮಾಡುತ್ತಾರೆ. ಆದರೆ ಒಂದು ವರ್ಷದೊಳಗೆ ಅದನ್ನು ಹಾಕಿದವರಿಗೇ ದೊಡ್ಡ ರಿಯಾಯಿತಿ. ಆ ಒಂದು ವರ್ಷವನ್ನು ಎಣಿಸುವುದು ಡೀಡ್ ರೆಕಾರ್ಡ್ ಆದ ದಿನದಿಂದ ಅಲ್ಲ, ಅಮ್ಮ ತೀರಿಕೊಂಡ ದಿನದಿಂದ. ನೋಟಿಸು, ಸಾಲ ಎಂದು ತಿಂಗಳುಗಳು ಹೋಗಿಬಿಡುತ್ತವೆ.

ಟ್ರಸ್ಟ್ ಇನ್ನೂ ಮುಚ್ಚಿಲ್ಲ. ಅದಕ್ಕೆ ಬೇರೆ ತೆರಿಗೆ ನಂಬರ್ ತೆಗೆದುಕೊಂಡಿದ್ದೇನೆ. ಅಮ್ಮನ ಕೊನೆಯ ರಿಟರ್ನ್, ಟ್ರಸ್ಟಿನ ಆದಾಯ ತೆರಿಗೆಯ ಫಾರ್ಮ್ 1041, ಅಕೌಂಟೆಂಟ್ ಫೀಸು ಇವುಗಳಿಗೆಂದು ಸ್ವಲ್ಪ ಹಣ ಖಾತೆಯಲ್ಲೇ ಇಟ್ಟಿದ್ದೇನೆ. ಉಳಿದರೆ ಇಬ್ಬರಿಗೂ ಅರ್ಧ ಅರ್ಧ.