ಗೋಡೆ ಒದ್ದೆಯಾಗಿದೆ ಅಂದರೆ ಮೊದಲು ಟೆರೇಸ್ ಹತ್ತಿ

ಹಳೇ ಕಾಲೇಜು ಕಟ್ಟಡಗಳ ರಿಪೇರಿ ನನ್ನ ಕೆಲಸ. ಅರಮನೆ, ದೇವಸ್ಥಾನ ಅಂದರೆ ದುಡ್ಡೂ ಬರುತ್ತೆ, ಪೇಪರಿನವರೂ ಬರ್ತಾರೆ. ತಾಲ್ಲೂಕು ಊರಿನ ಕಾಲೇಜಿನ ನೂರು ವರ್ಷದ ಬ್ಲಾಕನ್ನು ಹುಡುಕಿಕೊಂಡು ಬರೋದು ಪೇಂಟ್ ಕಂಟ್ರಾಕ್ಟರ್ ಮಾತ್ರ. ನಮಗೆ ಫೋನ್ ಬರೋದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ಎರಡು-ಮೂರು ತಿಂಗಳು ಉಳಿದಾಗ. ಬೇಡಿಕೆಯೂ ಹೆಚ್ಚುಕಮ್ಮಿ ಒಂದೇ: "ಗೋಡೆ ಚೌಳು ಹಿಡಿದಿದೆ, ಡ್ಯಾಂಪ್ ಪ್ರೂಫ್ ಪೇಂಟ್ ಹೊಡೆಸಿಕೊಡಿ."

ಈ ಕೆಲಸಕ್ಕೆ ಹೊಸದಾಗಿ ಬರುವ ಎಂಜಿನಿಯರುಗಳಿಗೆ ನಾನು ಹೇಳೋದು ಇಷ್ಟೇ. ಇಂಥ ಕಟ್ಟಡಕ್ಕೆ ಏನು ಸೇರಿಸಬೇಕು ಅಂತ ಯೋಚಿಸೋಕೆ ಮುಂಚೆ, ನಮಗಿಂತ ಮೊದಲು ಬಂದವರು ಏನೇನು ಸೇರಿಸಿದ್ದಾರೆ ನೋಡಿ. ಅರ್ಧ ಕೆಲಸ ಅದನ್ನು ತೆಗೆಯೋದೇ ಆಗಿರುತ್ತೆ.

ನಮ್ಮ ರಾಜ್ಯದಲ್ಲೇ ಈ ಕಟ್ಟಡಗಳು ಒಂದೊಂದು ಕಡೆ ಒಂದೊಂದು ಥರ. ಹಳೇ ಮೈಸೂರು ಸೀಮೆಯಲ್ಲಿ ಇಟ್ಟಿಗೆ ಗೋಡೆ, ಮೇಲೆ ಮದ್ರಾಸ್ ತಾರಸಿ, ಅಂದರೆ ತೇಗದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಚಪ್ಪಟೆ ಛಾವಣಿ. ಕರಾವಳಿ, ಮಲೆನಾಡಿನಲ್ಲಿ ಹೆಂಚಿನ ಮಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಎಲ್ಲೆಲ್ಲಿಗೋ ಹೋಯಿತು. ಧಾರವಾಡದ ಕಡೆ ಕಲ್ಲು. ಅಲ್ಲಿನ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಆದರೆ ಅದರ ಹಳೇ ಕಟ್ಟಡ ಅದಕ್ಕೂ ಮುಂಚಿನದು, ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದದ್ದು. ಹೀಗೆ ಕಚೇರಿ, ಬಂಗಲೆ, ಛತ್ರಗಳಿಂದ ಕಾಲೇಜಾದ ಕಟ್ಟಡಗಳಲ್ಲಿ ಒಂದು ವಿಷಯ ಮರೀಬಾರದು: ಗುಮಾಸ್ತರು ಕೂರಲಿ ಅಂತ ಕಟ್ಟಿದ ಗೋಡೆಗೆ ಮುಂದೆ ಯಾರೋ ಕೆಮಿಸ್ಟ್ರಿ ಲ್ಯಾಬಿನ ಸಿಂಕು, ಪೈಪು ಕೊರೆದು ಕೂರಿಸಿರಬಹುದು.

ಕಲ್ಲಾಗಲಿ ಇಟ್ಟಿಗೆಯಾಗಲಿ, ಆ ಕಾಲದ ಇಂಥ ಗೋಡೆಗಳನ್ನು ಹಿಡಿದಿರೋದು ಸಾಮಾನ್ಯವಾಗಿ ಸುಣ್ಣದ ಗಾರೆ. ಬುಡದಿಂದ ತೇವ ಏರದಂತೆ ತಡೆಯುವ ಪದರ ಬಹುಪಾಲು ಗೋಡೆಗಳಲ್ಲಿ ಇರೋದೇ ಇಲ್ಲ. ನೆಲದಿಂದ ಒಂದಿಷ್ಟು ನೀರು ಗೋಡೆಗೆ ಏರುತ್ತೆ, ಸುಣ್ಣದ ಮೈಯಿಂದ ಆರಿಹೋಗುತ್ತೆ. ಈ ಲೆಕ್ಕದಲ್ಲೇ ಅವು ನೂರು ವರ್ಷ ನಿಂತಿವೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಡಿದರೆ, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿಟ್ಟ ಹಾಗೆ. ಆರೋಕೆ ದಾರಿ ಸಿಗದ ನೀರು ಸಿಮೆಂಟ್ ಮುಗಿಯುವ ಗೆರೆಯವರೆಗೂ ಏರಿ, ಅದರ ಮೇಲೆ ಹೊರಗೆ ಬರುತ್ತೆ. ಮೂರಡಿಗೆ ಸಿಮೆಂಟ್ ಹಾಕಿದ್ದರೆ ಚೌಳು ಮೂರೂವರೆ ಅಡಿಯಲ್ಲಿ. ಅದನ್ನು ನೋಡಿ ಐದಡಿಗೆ ಹಾಕ್ತಾರೆ, ಚೌಳು ಐದೂವರೆ ಅಡಿಗೆ ಹೋಗುತ್ತೆ. ಕೆಲವು ಕಾರಿಡಾರುಗಳಲ್ಲಿ ಈ ಗೆರೆಗಳನ್ನು ನೋಡಿದರೇ ಎಷ್ಟು ಸಲ ಬಿಲ್ ಆಗಿದೆ ಅಂತ ಹೇಳಿಬಿಡಬಹುದು.

ಹಳೇ ಮೈಸೂರು ಕಡೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನ ಗೋಡೆ ಹೀಗೇ ಆಗಿತ್ತು. ಒಳಗೆ ನಿಂತು ನೋಡೋಕೆ ಏನೂ ಇರಲಿಲ್ಲ. ಹೊರಗೆ ಹೋದರೆ ಗೋಡೆಗೆ ಅಂಟಿಕೊಂಡೇ ಹೂವಿನ ಪಾತಿ. ವರ್ಷಾ ವರ್ಷ ಮಣ್ಣು, ಗೊಬ್ಬರ ಸುರಿದು ಪಾತಿಯ ಮಟ್ಟ ತಳಪಾಯದ ಕಲ್ಲು ದಾಟಿ ಇಟ್ಟಿಗೆವರೆಗೆ ಬಂದಿತ್ತು. ಬೆಳಿಗ್ಗೆ ಪೈಪು ಹಿಡಿದು ನೀರು ಬೇರೆ. ಬುಡದ ಸಮಸ್ಯೆ ಅಲ್ಲಿಗೆ ಗೊತ್ತಾಯಿತು. ಆದರೆ ಒದ್ದೆ ಸೂರಿನ ಕೆಳಗೂ ಇತ್ತಲ್ಲ.

ಟೆರೇಸಿಗೆ ಬೀಗ. ಬೀಗದ ಕೈ ಆಫೀಸಿನಲ್ಲಿ, ಅದನ್ನು ಕೊಡೋಕೆ ಸೂಪರಿಂಟೆಂಡೆಂಟ್ ಬರಬೇಕು. ಅಂತೂ ಹತ್ತಿ ನೋಡಿದರೆ ಮಳೆನೀರು ಹೋಗುವ ಬಾಯಿಯೇ ಕಾಣಲಿಲ್ಲ. ಅಂಚಿನಲ್ಲಿ ಚೂರು ಒಡೆದು ನೋಡಿದೆವು. ತಳದಲ್ಲಿ ಮೂಲದ ಚಪ್ಪಟೆ ಬಿಲ್ಲೆ, ಅದರ ಮೇಲೆ ಸಿಮೆಂಟ್, ಅದರ ಮೇಲೆ ಟಾರ್ ಶೀಟ್, ಮತ್ತೆ ಸಿಮೆಂಟ್, ಮೇಲೆ ಬಿಳಿ ಕೆಮಿಕಲ್ ಕೋಟಿಂಗ್. ಸೋರಿದಾಗೆಲ್ಲ ಹಳೆಯದರ ಮೇಲೇ ಹೊಸದು ಹಾಕಿದ್ದರು. ನೆಲ ಏರಿತು, ನೀರಿನ ಬಾಯಿ ಇದ್ದಲ್ಲೇ ಇತ್ತು, ಮುಕ್ಕಾಲು ಪಾಲು ಮುಚ್ಚಿತು. ಉಳಿದ ಕಿಂಡಿಯಲ್ಲಿ ಒಂದು ಅರಳಿ ಗಿಡ.

ಜೊತೆಗೆ ಬಂದಿದ್ದ ಅಟೆಂಡರ್ ಆಗ ಹೇಳಿದರು: "ಈ ಬಾಯಿಗೆ ಮಳೆಗಾಲಕ್ಕೆ ಮುಂಚೆ ನಾನೇ ಕೈ ಹಾಕಿ ಎಲೆ ತೆಗೀತಿದ್ದೆ ಸಾರ್. ಆಮೇಲೆ ಹುಡುಗರು ಹತ್ತುತಾರೆ ಅಂತ ಬೀಗ ಹಾಕಿಬಿಟ್ರು. ನನ್ನನ್ನ ಯಾರೂ ಕೇಳಲಿಲ್ಲ." ನಮ್ಮ ತೇವದ ಮೀಟರು, ಫೋಟೋ ಯಾವುದೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ನಿಜವಾದ ಭಯ ಗೋಡೆಯದ್ದಲ್ಲ, ತೊಲೆಯದ್ದು. ಮದ್ರಾಸ್ ತಾರಸಿಯ ಅಷ್ಟೂ ಭಾರ ತೊಲೆಗಳ ಮೇಲೆ, ತೊಲೆಗಳ ತುದಿ ಗೋಡೆಯೊಳಗೆ. ಗೋಡೆಯ ತಲೆ ಒದ್ದೆಯಾದರೆ ಕೊಳೆಯೋದು ಮೊದಲು ಆ ತುದಿಗಳು. ಕೆಳಗಿನಿಂದ ನೋಡಿದರೆ ಬಣ್ಣ ಹೊಡೆದ ತೊಲೆ ಸೊಗಸಾಗೇ ಕಾಣುತ್ತೆ. ಏಣಿ ಹಾಕಿ, ಗೋಡೆಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಗಟ್ಟಿ ತೇಗ ಅದನ್ನು ಒಳಗೆ ಬಿಡೋದಿಲ್ಲ. ಇಲ್ಲಿ ಎರಡು ತೊಲೆಗಳಲ್ಲಿ ಹೆಬ್ಬೆರಳುದ್ದ ಸಲೀಸಾಗಿ ಇಳಿಯಿತು, ಹೊರಗೆ ಎಳೆದಾಗ ಕಂದು ಪುಡಿ ಉದುರಿತು. ಅವತ್ತೇ ಕೆಳಗೆ ಆಸರೆ ಕೊಟ್ಟು, ಕ್ಲಾಸನ್ನು ಬೇರೆ ಕಡೆಗೆ ಕಳಿಸಿದೆವು.

ಕಷ್ಟ ಇದ್ದದ್ದು ಆಮೇಲೆ, ಎಸ್ಟಿಮೇಟಿನಲ್ಲಿ. ಪಾತಿ ಅಗೆದು ಮಣ್ಣು ಇಳಿಸೋದು, ಟೆರೇಸಿನ ಪದರ ಕೀಳೋದು, ಸಿಮೆಂಟ್ ಕೆತ್ತೋದು, ಕೊಳೆತ ತುದಿಗಳಿಗೆ ಹೊಸ ತೇಗ ಜೋಡಿಸೋದು. "ಅಲ್ಲ ಸಾರ್, ಇಷ್ಟು ದುಡ್ಡು ಖರ್ಚು ಮಾಡಿ ಕಣ್ಣಿಗೆ ಏನು ಕಾಣುತ್ತೆ?" ಅಂತ ಬಿಲ್ಡಿಂಗ್ ಕಮಿಟಿಯವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸ್ಲೈಡ್ ತೋರಿಸಿ ಪ್ರಯೋಜನ ಇಲ್ಲ ಅಂತ ನನಗೆ ಗೊತ್ತಿತ್ತು. ಕಮಿಟಿಯವರನ್ನೂ ಪ್ರಿನ್ಸಿಪಾಲರನ್ನೂ ಟೆರೇಸಿಗೆ ಕರೆದುಕೊಂಡು ಹೋಗಿ, ಒಡೆದ ಅಂಚನ್ನು ತೋರಿಸಿದೆ. ಐದು ಪದರ ಎಣಿಸಿದ ಮೇಲೆ ಆರನೆಯದನ್ನು ಹಾಕಿ ಅಂತ ಯಾರೂ ಹೇಳಲಿಲ್ಲ.

ಗಾರೆ ವಿಷಯಕ್ಕೆ ಬಂದರೆ, ಪ್ರತಿ ಕ್ಯಾಂಪಸ್ಸಿನಲ್ಲೂ ಯಾರಾದರೊಬ್ಬರು ಕೋಳಿಮೊಟ್ಟೆ ಕಥೆ ಹೇಳಿಯೇ ಹೇಳ್ತಾರೆ. "ಆಗಿನವರು ಮೊಟ್ಟೆ ಹಾಕಿ ಕಟ್ಟಿದ್ದು, ಅದಕ್ಕೇ ನಿಂತಿದೆ." ಕೆಲವು ನಯಗಾರೆಗೆ ಮೊಟ್ಟೆಯ ಬಿಳಿ ಬಳಸುತ್ತಿದ್ದದ್ದು ಹೌದು, ಬೆಲ್ಲ, ಅಳಲೆಕಾಯಿ ನೀರೂ ಹೌದು. ಹಾಗಂತ ಇಡೀ ಕಾಲೇಜಿಗೆ ಸುರಿಯುವಷ್ಟು ಮೊಟ್ಟೆ ಎಲ್ಲಿತ್ತು! ಗಾರೆ ನಿಲ್ಲೋದು ಸುಣ್ಣ ಎಷ್ಟು ದಿನ ನೆನೆದಿದೆ, ಮರಳು ತೊಳೆದದ್ದೋ ಅಲ್ಲವೋ, ಬಳಿದ ಮೇಲೆ ಎಷ್ಟು ದಿನ ತೇವ ಆರದಂತೆ ನೋಡಿಕೊಂಡಿರಿ ಅನ್ನೋದರ ಮೇಲೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗಬೇಕು. ಸಿಮೆಂಟಿಗೆ ಒಗ್ಗಿದ ಮೇಸ್ತ್ರಿಗೆ ಈ ನಿಧಾನ ಕಲಿಸೋದೇ ದೊಡ್ಡ ಕೆಲಸ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋದವರೆಲ್ಲ ತಲೆ ಎತ್ತಿಯೇ ನೋಡ್ತಾರೆ. 1899-1901ರ ಸುಮಾರಿಗೆ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳು ಗೋಡೆಯಲ್ಲೂ ಛಾವಣಿಯಲ್ಲೂ ಇವೆ. 1990ರ ದಶಕದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಅವನ್ನು ಸಂರಕ್ಷಿಸಿದರು. ಅಲ್ಲಿ ಒಂದು ಹೆಂಚು ಜರುಗಿದರೂ ಚಿತ್ರಕ್ಕೆ ಕುತ್ತು ಅಂತ ಎಲ್ಲರಿಗೂ ಅರ್ಥವಾಗುತ್ತೆ. ನಮ್ಮ ತಾಲ್ಲೂಕು ಕಾಲೇಜಿನ ಸೂರಿನಲ್ಲಿ ಚಿತ್ರ ಇಲ್ಲ, ಫ್ಯಾನ್ ಇದೆ. ಅದು ನಿಂತಾಗ ಮಾತ್ರ ಜನ ಮೇಲೆ ನೋಡ್ತಾರೆ.

ಲ್ಯಾಬಿನ ಗೋಡೆಗೆ ನ್ಯಾಕ್ ಭೇಟಿಯೊಳಗೆ ಬಣ್ಣ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಒದ್ದೆ ಗೋಡೆ ಒಣಗೋಕೆ ಇಂಚಿಗೆ ಒಂದು ತಿಂಗಳು ಅಂತ ನಮ್ಮ ಕಸುಬಿನ ಲೆಕ್ಕ, ಅದು ಹದಿನೆಂಟು ಇಂಚಿನ ಗೋಡೆ. ತಂಡ ಬಂದಾಗ ಇಟ್ಟಿಗೆ ತೆರೆದೇ ಇತ್ತು. ಪ್ರಿನ್ಸಿಪಾಲರು ಅಲ್ಲೇ ನಿಲ್ಲಿಸಿ ಏನು ಕೆಲಸ ನಡೀತಿದೆ ಅಂತ ತಾವೇ ವಿವರಿಸಿದರಂತೆ. ಕಾಲೇಜಿನ ಬಜೆಟ್ಟಿನಲ್ಲಿ ಈಗ "ಟೆರೇಸ್ ಸ್ವಚ್ಛತೆ, ಮೇ ತಿಂಗಳು" ಅಂತ ಒಂದು ಸಾಲು ಇದೆ, ಬೀಗದ ಕೈ ಅಟೆಂಡರ್ ಹತ್ತಿರ ಇದೆ. ಅವರ ನಿವೃತ್ತಿ ಹತ್ತಿರ ಬಂತು; ಅಷ್ಟರೊಳಗೆ ಇನ್ನೊಬ್ಬರನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸಿಕೊಡಿ ಅಂತ ಹೇಳಿ ಬಂದಿದ್ದೇನೆ.