ಲೆಕ್ಕವನ್ನು ಇನ್ನೊಬ್ಬರು ಮಾಡಿ ನೋಡುವಂತಿರಬೇಕು

ನೆದರ್ಲ್ಯಾಂಡ್ಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಮಾಡುವ ಕೆಲಸವನ್ನು ಊರಿನವರಿಗೆ ವಿವರಿಸುವುದು ಸುಲಭವಲ್ಲ. ನಾನು ಪಾಠ ಹೇಳುವುದಿಲ್ಲ, ಸ್ವಂತ ಸಂಶೋಧನೆಯನ್ನೂ ಮಾಡುವುದಿಲ್ಲ. ಒಬ್ಬರು ಪ್ರಕಟಿಸಿದ ಫಲಿತಾಂಶವನ್ನು ಮತ್ತೊಬ್ಬರು ಅದೇ ದತ್ತಾಂಶದಿಂದ, ಅದೇ ಕ್ರಮದಲ್ಲಿ ಪುನಃ ಪಡೆಯಲು ಸಾಧ್ಯವಾಗುವಂತೆ ಕಡತಗಳನ್ನೂ ಲೆಕ್ಕ ಮಾಡಲು ಗಣಕಕ್ಕೆ ಬರೆದ ಆದೇಶಗಳಾದ ಕೋಡ್‌ಗಳನ್ನೂ ಒಪ್ಪವಾಗಿಡಲು ಸಂಶೋಧಕರಿಗೆ ನೆರವಾಗುತ್ತೇನೆ. ಈ ಹುದ್ದೆಯ ಹೆಸರು ಡೇಟಾ ಸ್ಟೀವರ್ಡ್. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರತಿಯೊಂದು ನಿಕಾಯಕ್ಕೂ ಇಂಥವರಿದ್ದಾರೆ. ಉಳಿದ ಕಡೆಗಳಲ್ಲೂ ಈ ಹುದ್ದೆ ಈಗ ಅಪರೂಪವಲ್ಲ.

ಈ ದೇಶಕ್ಕೆ ಈ ವಿಷಯದಲ್ಲಿ ಕಹಿ ಅನುಭವವಿದೆ. ಟಿಲ್ಬರ್ಗ್ ವಿಶ್ವವಿದ್ಯಾಲಯದ ಖ್ಯಾತ ಸಾಮಾಜಿಕ ಮನೋವಿಜ್ಞಾನಿ ಡೀಡೆರಿಕ್ ಸ್ಟಾಪೆಲ್ ದತ್ತಾಂಶವನ್ನೇ ಕಲ್ಪಿಸಿ ಬರೆಯುತ್ತಿದ್ದರೆಂಬುದು 2011ರಲ್ಲಿ ಬಯಲಾಯಿತು, ಮತ್ತು ಅವರ 50ಕ್ಕೂ ಹೆಚ್ಚು ಪ್ರಬಂಧಗಳನ್ನು ನಿಯತಕಾಲಿಕೆಗಳು ಹಿಂತೆಗೆದುಕೊಂಡವು. ವಂಚನೆಗಿಂತ ಹೆಚ್ಚಾಗಿ ಅದು ನಡೆದ ಬಗೆ ನನ್ನನ್ನು ಕಾಡುತ್ತದೆ. ದತ್ತಾಂಶವನ್ನು ತಾವೇ ಸಂಗ್ರಹಿಸಿದ್ದೇವೆಂದು ಹೇಳಿ ಅವರು ಸಿದ್ಧ ಕಡತಗಳನ್ನು ಪಿಎಚ್‌ಡಿ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ಮೂಲ ಪ್ರಶ್ನಾವಳಿಗಳನ್ನು ತೋರಿಸಿ ಎಂದು ಕೇಳುವ ರೂಢಿಯೇ ಇರಲಿಲ್ಲ. ಕೊನೆಗೆ ಧೈರ್ಯ ಮಾಡಿದವರು ಅವರದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ಈ ನಾಡಿನಲ್ಲೇ ಹೀಗಾದರೆ, ಗೈಡ್ ಬಂದರೆ ಕುರ್ಚಿಯಿಂದೆದ್ದು ನಿಲ್ಲುವ ನಮ್ಮಲ್ಲಿ ಕೇಳುವವರು ಯಾರು?

ಆದರೆ ನನ್ನ ಬಳಿಗೆ ಬರುವ ತೊಂದರೆಗಳಲ್ಲಿ ವಂಚನೆಯ ಸುಳಿವೂ ಇರುವುದಿಲ್ಲ. ನಮ್ಮ ವಿಭಾಗದಲ್ಲಿ ಆಗಾಗ ಒಂದು ಮಧ್ಯಾಹ್ನ ಎಲ್ಲರೂ ತಮ್ಮ ಕೋಡನ್ನು ಪಕ್ಕದವರಿಗೆ ಕೊಟ್ಟು, ಏನನ್ನೂ ಬಾಯಲ್ಲಿ ವಿವರಿಸದೆ, ಅವರ ಗಣಕದಲ್ಲಿ ಅದು ನಡೆಯುತ್ತದೆಯೇ ಎಂದು ನೋಡುತ್ತಾರೆ. ಹೆಚ್ಚಿನವು ಮೊದಲ ಸಾಲುಗಳಲ್ಲೇ ನಿಲ್ಲುತ್ತವೆ, ಏಕೆಂದರೆ ಅದರಲ್ಲಿನ ಕಡತದ ವಿಳಾಸವು ಕೋಡ್ ಬರೆದವರ ಡೆಸ್ಕ್‌ಟಾಪನ್ನೇ ತೋರಿಸುತ್ತಿರುತ್ತದೆ. ಕೆಲವು ಕಡೆ ತಂತ್ರಾಂಶದ ಆವೃತ್ತಿ ಬೇರೆಯಾಗಿ ಉತ್ತರ ತುಸು ಬದಲಾಗುತ್ತದೆ. ಇನ್ನು ಕೆಲವು ಕಡೆ, ದತ್ತಾಂಶದ ಯಾವ ಸಾಲುಗಳನ್ನು ಏಕೆ ಕೈಬಿಟ್ಟರೆಂಬುದು ಎಕ್ಸೆಲ್‌ನಲ್ಲಿ ಕೈಯಿಂದಲೇ ಅಳಿಸಿದ ಕಾರಣ ಶಾಶ್ವತವಾಗಿ ಕಳೆದುಹೋಗಿರುತ್ತದೆ. ಎಕ್ಸೆಲ್‌ನ ಚೇಷ್ಟೆಯಂತೂ ಜಗಜ್ಜಾಹೀರು: ಮಾರ್ಚ್1 ಎಂಬ ಜೀನಿನ ಹೆಸರನ್ನು ಅದು ಮಾರ್ಚ್ ತಿಂಗಳ ಮೊದಲ ತಾರೀಖೆಂದು ತಿದ್ದಿಬಿಡುತ್ತಿದ್ದುದರಿಂದ, 2020ರ ಹೊತ್ತಿಗೆ ತಜ್ಞರ ಸಮಿತಿ ಇಂಥ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ನಿಯಮ ಮಾಡಿದರೆ ಸಾಕೆಂದು ಆಡಳಿತ ನಂಬುತ್ತದೆ. ದತ್ತಾಂಶ ನಿರ್ವಹಣೆಯ ಯೋಜನೆಯನ್ನು ಬರೆದುಕೊಡುವುದು ಕಡ್ಡಾಯವಾದಾಗ ಜನರು ಅದನ್ನು ಶಾಸ್ತ್ರಕ್ಕೆಂಬಂತೆ ತುಂಬಿ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಹಿರಿಯರೊಬ್ಬರು ನನ್ನೆದುರೇ, ಕಡತ ಒಪ್ಪಮಾಡುವ ವಾರಗಳಲ್ಲಿ ಇನ್ನೊಂದು ಪ್ರಬಂಧದ ಅರ್ಧ ಮುಗಿದಿರುತ್ತದೆ, ಬಡ್ತಿಗೆ ಲೆಕ್ಕಕ್ಕೆ ಬರುವುದು ಅದೇ ಅಲ್ಲವೇ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. 2019ರಲ್ಲಿ ಡಚ್ ವಿಶ್ವವಿದ್ಯಾಲಯಗಳೂ ಸಂಶೋಧನಾ ಧನಸಹಾಯ ಸಂಸ್ಥೆಗಳೂ ಜೊತೆಗೂಡಿ, ಸಂಶೋಧಕರನ್ನು ಅಳೆಯುವಾಗ ಪ್ರಬಂಧಗಳ ಎಣಿಕೆಗೆ ಇಷ್ಟು ಜೋತುಬೀಳಬಾರದೆಂಬ ನಿಲುವು ಪ್ರಕಟಿಸಿದವು. ಆದರೆ ನೇಮಕಾತಿ ಸಮಿತಿಗಳ ಅಭ್ಯಾಸ ಬದಲಾಗುವುದು ನಿಧಾನ. ಕೆಲಸಕ್ಕೆ ಬರುವುದು, ನನ್ನ ಮಟ್ಟಿಗೆ, ಪಕ್ಕದ ಕೊಠಡಿಯಲ್ಲಿ ಸಿಗುವ ಮನುಷ್ಯ ಮತ್ತು ಮೊದಲ ವರ್ಷದಲ್ಲೇ ಕಲಿತ ಶಿಸ್ತು.

ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಅತ್ತಿಗೆಯ ತಂಗಿ, ಇದೆಲ್ಲ ಹಣವಿರುವ ದೇಶದ ಮಾತು ಎಂದಳು. ನಮ್ಮ ಮಹಾಪ್ರಬಂಧಗಳು ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ ಎಂಬುದು ಸಣ್ಣ ಸಂಗತಿಯಲ್ಲ, ಆದರೆ ಅವುಗಳ ಹಿಂದಿನ ದತ್ತಾಂಶ ಹೆಚ್ಚಾಗಿ ಬರೆದವರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಮೂಲ ದತ್ತಾಂಶವನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿಡು, ಪ್ರತಿ ತಿದ್ದುಪಡಿಯನ್ನೂ ಕೋಡಿನಲ್ಲೇ ಮಾಡು, ಯಾವ ಕಡತದಲ್ಲಿ ಏನಿದೆ ಎಂದು ಒಂದು ಪುಟ ಬರೆದಿಡು ಎಂದೆ, ಇದಕ್ಕೆ ಖರ್ಚಿಲ್ಲ. ಜಿನೀವಾದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ನಡೆಸುವ ಜೆನೋಡೊ ಎಂಬ ಅಂತರ್ಜಾಲ ಭಂಡಾರ ಒಂದೊಂದು ದಾಖಲೆಗೆ 50 ಜಿಬಿಯವರೆಗೆ ಪುಕ್ಕಟೆ ಜಾಗ ಕೊಡುತ್ತದೆ. ಸಂದರ್ಶನಕ್ಕೆ ಸಿಕ್ಕವರ ಗುರುತನ್ನು ತೆಗೆಯದೆ ಅಲ್ಲಿ ಏನನ್ನೂ ಹಾಕಬಾರದೆಂದೂ ಹೇಳಿದ್ದೇನೆ. ಗೈಡ್ ಒಪ್ಪುತ್ತಾರೋ ಇಲ್ಲವೋ ಎಂಬುದು ಅವಳಿಗಿರುವ ಚಿಂತೆ. ಮುಂದಿನ ವಾರ ಕೇಳುತ್ತಾಳಂತೆ.